ಎರಡು ರಿಂಗ್

"ಹಳೇ ಫೋನಿನ್ಯಾಗಿದ್ದ ನಂಬರ್ ಎಲ್ಲಾ ಬರ್ಕೊಂಡೀರೇನ್ರಿ?"

ಆಳಂದದ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯವನು ತಲೆ ಎತ್ತದೇ ಕೇಳಿದ. ಅವನ ಕೈಯಲ್ಲಿ ಹೊಸ ಟಚ್ ಫೋನ್ ಇತ್ತು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಫರಹೀನಳ ಕಣ್ಣು ಅದರ ಮೇಲೇ ಇತ್ತು.

"ಹೊಸ ಸಿಮ್ ಹಾಕಾಕತ್ತೇನಿ," ಅಂದ ಅಂಗಡಿಯವನು. "ನಿಮ್ಮ ನಂಬರ್ ಅದೇ ಇರ್ತದ. ಆದ್ರ ಹಳೇದರಾಗ ಸೇವ್ ಮಾಡಿದ್ದು ಇದಕ್ಕ ಬರಂಗಿಲ್ಲ. ಬರ್ಕೊಂಡಿಲ್ಲಂದ್ರ ಹೋಗಿ ಹಳೇ ಫೋನ್ ತರ್ರಿ. ನಾ ಹಾಕಿಕೊಡ್ತೇನಿ."

ಅಬ್ಬಾ ಮುಕ್ರಮ ಗಡಿಯಾರ ನೋಡಿದ. ಅವನು ಸೊಲ್ಲಾಪುರದ ಟವೆಲ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಅಮ್ಮಿಯೂ ಅಲ್ಲೇ ಇದ್ದಳು. ಸೊಲ್ಲಾಪುರದ ಬಸ್ ಆಗಲೇ ಹಾರ್ನ್ ಹಾಕುತ್ತಿತ್ತು.

"ಬರ್ಕೊಂಡಿ ಇಲ್ಲೋ, ಫರಹೀನ? ಜಲ್ದಿ ಹೇಳು."

ಹಳೇ ಫೋನ್ ನಿಂಬರ್ಗಾದ ಮನೆಯಲ್ಲಿತ್ತು. ಫರಹೀನ ಏನೂ ಬರೆದುಕೊಂಡಿರಲಿಲ್ಲ. ಇಲ್ಲ ಎಂದರೆ ಫೋನ್ ಅಂಗಡಿಯಲ್ಲೇ ಉಳಿಯುತ್ತದೆ. ಅಬ್ಬಾ ಮತ್ತೆ ಬರುವುದು ಯಾವಾಗಲೋ.

"ಎಲ್ಲಾ ಬರ್ದೀನ್ರಿ," ಅಂದಳು.

ಅಂಗಡಿಯವನು ಅಬ್ಬಾನ ನಂಬರನ್ನೂ ಅಮ್ಮಿಯ ನಂಬರನ್ನೂ ಸೇವ್ ಮಾಡಿದ. "ಸಿಮ್ ನಾಳೆ ಸಂಜಿಗೆ ಚಾಲೂ ಆಗ್ತದ," ಅಂದ. ಫರಹೀನ ಫೋನನ್ನು ಎದೆಗೊತ್ತಿಕೊಂಡು ಹೊರಗೆ ಬಂದಳು. ಅಬ್ಬಾ ಓಡಿ ಬಸ್ ಹತ್ತಿದ. ಕಿಟಕಿಯಿಂದ ಕೂಗಿದ: "ನಾನಿಗೂ ಕಲಿಸು! ದಿನಾ ಮಾರಿ ನೋಡಿ ಮಾತಾಡೋಣು!"

ಫರಹೀನ ಐದನೇ ಕ್ಲಾಸು. ಅಮ್ಮಿಯ ತಾಯಿ, ನಾನಿ ವಜೀರುನ್ನಿಸಾ ಜೊತೆ ನಿಂಬರ್ಗಾದಲ್ಲಿದ್ದು ಶಾಲೆ ಕಲಿಯುತ್ತಿದ್ದಳು. ನಾನಿ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ಈಗ ತೊಗರಿ ಕೊಯ್ಲು ನಡೆದಿತ್ತು.

ನಾನಿಯ ಹಳೇ ಫೋನು ಬಟನ್ ಫೋನು. ನಾನಿಗೆ ಓದಲು ಬಾರದು. ಅದಕ್ಕೇ ಹೋದ ವರ್ಷ ಈದ್ ಹಬ್ಬದಲ್ಲಿ ಫರಹೀನ ತನ್ನ ನೇಲ್‌ಪಾಲಿಶ್ ತಂದು ಒಂದು ಬಟನ್ ಮೇಲೆ ಕೆಂಪು ಚುಕ್ಕೆ ಇಟ್ಟಿದ್ದಳು. ಅದನ್ನು ಒತ್ತಿ ಹಿಡಿದರೆ ಕಿಣ್ಣಿ ಸುಲ್ತಾನಕ್ಕೆ ಫೋನ್ ಹೋಗುತ್ತಿತ್ತು. ಅಲ್ಲಿ ನಾನಿಯ ಅಕ್ಕ ಮೌಲಾಬಿ ಒಬ್ಬಳೇ ಇದ್ದಳು. ನಾನಿಗೆ ಅವಳು ಆಪಾ, ಫರಹೀನಳಿಗೆ ಬಡೀನಾನಿ. ಬಡೀನಾನಿಯ ಫೋನಿನ ಮೇಲೂ ಅದೇ ಬಾಟಲಿಯ ಕೆಂಪು ಚುಕ್ಕೆ ಇತ್ತು. ಅದನ್ನು ಒತ್ತಿದರೆ ಫೋನ್ ಇಲ್ಲಿಗೆ ಬರುತ್ತಿತ್ತು.

ದಿನಾ ಮುಂಜಾನೆ ನಮಾಜು ಮುಗಿದ ಮೇಲೆ ಬಡೀನಾನಿ ಚುಕ್ಕೆ ಒತ್ತುವಳು. ಇಲ್ಲಿ ಎರಡು ರಿಂಗ್ ಆಗಿ ಕಟ್ ಆಗುವುದು. ಆಮೇಲೆ ನಾನಿ ಒತ್ತುವಳು. ಅಲ್ಲಿ ಎರಡು ರಿಂಗ್, ಕಟ್. ಅಷ್ಟೇ. ಮಾತಿಲ್ಲ.

"ಮಾತಾಡಬಾರದೇನು ನಾನಿ?" ಎಂದು ಫರಹೀನ ಒಮ್ಮೆ ಕೇಳಿದ್ದಳು.

"ಮಾತಾಡೋದೇನದ ಬೇಟಾ? ಆಕಿ ಎದ್ದಾಳ, ನಾ ಎದ್ದೇನಿ. ಮುಗೀತು."

ಹೊಸ ಫೋನ್ ಮನೆಗೆ ಬಂದ ಸಂಜೆ ನಾನಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಬಟನ್ ಎಲ್ಲಿ?"

"ಬಟನ್ ಇರಂಗಿಲ್ಲ. ಹಿಂಗ ಬೆರಳು ಜಾರಸಬೇಕು."

ನಾನಿ ಜಾರಿಸಿದಳು. ಏನೂ ಆಗಲಿಲ್ಲ. ಮತ್ತೆ ಜಾರಿಸಿದಳು. ತೊಗರಿ ಕಟಿಗೆ ಹಿಡಿದು ಹಿಡಿದು ಅವಳ ಬೆರಳ ತುದಿ ಬಿರಿದು ಒರಟಾಗಿದ್ದವು. ರೇಷನ್ ಅಂಗಡಿಯ ಮಷೀನೂ ಅವಳ ಹೆಬ್ಬೆರಳನ್ನು ಗುರುತು ಹಿಡಿಯದೇ ಸತಾಯಿಸುತ್ತಿತ್ತು.

"ಒತ್ತಬ್ಯಾಡ ನಾನಿ, ಹಗೂರಕ ಮುಟ್ಟು."

"ಹಗೂರಕ ಮುಟ್ಟಿದ್ರೂ ಇಲ್ಲ, ಒತ್ತಿದ್ರೂ ಇಲ್ಲ! ಇದೇನು ನವಾಬನ ಮಗಳೇನಬೇ, ಕೂಲಿಯವರು ಮುಟ್ಟಿದ್ರ ಮಾತಾಡಂಗಿಲ್ಲೇನು?" ನಾನಿ ಫೋನನ್ನು ಹಾಸಿಗೆಯ ಮೇಲೆ ಇಟ್ಟಳು. "ಇದು ನನಗ ಬ್ಯಾಡ. ನಿಮ್ಮಪ್ಪ ಬಂದಾಗ ತಿರಗಿ ಕೊಡೋಣು. ನಾಡಿದ್ದು ನಾನೇ ಆಳಂದಕ್ಕ ಹೋಗಿ ಹಳೇದಕ್ಕ ಸಿಮ್ ಹಾಕಿಸ್ತೇನಿ."

ಫರಹೀನಳಿಗೆ ಅಳು ಬಂದಂತಾಯಿತು. ಕ್ಲಾಸಿನಲ್ಲಿ ಎಲ್ಲರ ಮನೆಯಲ್ಲೂ ಟಚ್ ಫೋನ್ ಇತ್ತು. ಶರಣಕುಮಾರನಂತೂ "ನಿಮ್ಮ ನಾನಿ ಫೋನು ಮ್ಯೂಸಿಯಮ್ಮಿಗೆ ಕೊಡ್ರಿ" ಎಂದು ದಿನಾ ಅಣಕಿಸುತ್ತಿದ್ದ.

ಹಳೇ ಫೋನಿನಿಂದ ನಂಬರ್ ಬರೆದುಕೊಳ್ಳೋಣ ಎಂದು ಅವಳು ತೆಗೆದು ನೋಡಿದಳು. ಚಾರ್ಜ್ ಮುಗಿದು ಸತ್ತಿತ್ತು. ಚಾರ್ಜಿಗೆ ಹಾಕಿದರೆ ಕರೆಂಟು ಇಲ್ಲ.

ಮರುದಿನ ನಾನಿ ನಸುಕಿನಲ್ಲೇ ಹೊಲಕ್ಕೆ ಹೋದಳು. ಫರಹೀನ ಜಡೆ ಹಾಕಿಕೊಳ್ಳುತ್ತಿದ್ದಳು. ಓಣಿಯಲ್ಲಿ ಬೈಕ್ ಮೇಲಿನ ಮೈಕು ಕೂಗಿತು.

"ಹಳೇ ಮೊಬೈಲ್, ಕೆಟ್ಟ ಮೊಬೈಲ್, ಒಡದ ಮೊಬೈಲ್ ತರ್ರಿ! ಪ್ಲಾಸ್ಟಿಕ್ ಟಬ್ ತೊಗೊಂಡು ಹೋಗ್ರಿ!"

ಬೈಕಿನ ಹಿಂದೆ ಟಬ್ಬುಗಳನ್ನು ಒಂದರ ಮೇಲೊಂದು ಕಟ್ಟಿದ್ದರು. ಮೇಲಿನದು ಗುಲಾಬಿ ಬಣ್ಣದ್ದು. ನಾನಿ ಬಟ್ಟೆ ತೊಳೆಯುವ ಬುಟ್ಟಿ ಸೀಳಿ ಹೋಗಿತ್ತು. ಫರಹೀನ ಗೂಡಿನಲ್ಲಿದ್ದ ಹಳೇ ಫೋನ್ ನೋಡಿದಳು. ಇದು ಇರುವ ತನಕ ನಾನಿ ಹೊಸದನ್ನು ಮುಟ್ಟುವುದಿಲ್ಲ. ಇದು ಇಲ್ಲದಿದ್ದರೆ ಮುಟ್ಟಲೇಬೇಕು.

ನಂಬರು? ಬಡೀನಾನಿ ಹೇಗೂ ದಿನಾ ಫೋನ್ ಮಾಡುತ್ತಾಳೆ. ಮಾಡಿದಾಗ ಸೇವ್ ಮಾಡಿದರಾಯಿತು.

ಬೈಕಿನವನು ಫೋನನ್ನು ಚೀಲಕ್ಕೆ ಎಸೆದ. ಒಳಗೆ ಬೇರೆ ಫೋನುಗಳಿಗೆ ಬಡಿದು ಅದು ಟಕ್ಕೆಂದಿತು. ಫರಹೀನ ಟಬ್ ತಂದು ಬಚ್ಚಲಲ್ಲಿ ಇಟ್ಟು ಶಾಲೆಗೆ ಓಡಿದಳು.

ಅದೇ ದಿನ ಸುವರ್ಣಾ ಟೀಚರು ಸೈಬರ್ ಕಳ್ಳರ ಬಗ್ಗೆ ಪಾಠ ಮಾಡಿದರು. ಮಟಕಿ ಊರಿನಲ್ಲಿ ಯಾರಿಗೋ ಬ್ಯಾಂಕಿನವರೆಂದು ಫೋನ್ ಮಾಡಿ ಮೋಸ ಮಾಡಿದ್ದರಂತೆ.

"ಗುರ್ತಿಲ್ಲದ ನಂಬರ್ ಎತ್ತಬ್ಯಾಡ್ರಿ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ. ಮತ್ತ ಈ ಟಬ್ಬಿನವರಿಗೆ ಹಳೇ ಫೋನ್ ಕೊಡ್ತೀರಲ್ಲ, ಅದು ಎಲ್ಲಿ ಹೋಗ್ತದ ಗೊತ್ತದೇನು? ಅದರಾಗಿನ ನಂಬರ್ ತೆಗದು ಕಳ್ಳರು ನಿಮಗೇ ಫೋನ್ ಮಾಡ್ತಾರ."

ಫರಹೀನ ಕೈ ಎತ್ತಿದಳು.

"ಟೀಚರ್, ಕಳ್ಳರ ಫೋನ್ ಬರದಂಗ ಮಾಡಾಕ ಬರ್ತದೇನ್ರಿ?" ಎಂದು ಕೇಳಿದಳು.

ಉತ್ತರ ಕೊಟ್ಟವನು ಶರಣಕುಮಾರ. "ಸೆಟ್ಟಿಂಗ್‌ದಾಗ ಅದ ಬೇ! ಸೇವ್ ಇಲ್ಲದ ನಂಬರ್ ಎಲ್ಲಾ ಬ್ಲಾಕ್. ನಮ್ಮ ಕಾಕಾ ಮಾಡ್ಯಾನ."

"ಬರ್ತದ," ಅಂದರು ಟೀಚರು. "ಆದ್ರ ಬೇಕಾದವರ ನಂಬರ್ ಮೊದಲ ಸೇವ್ ಮಾಡ್ಕೋಬೇಕು."

ಅಷ್ಟರಲ್ಲಿ ಗಂಟೆ ಹೊಡೆಯಿತು. ಮೊದಲ ಮಾತು ಫರಹೀನಳ ಕಿವಿಯಲ್ಲಿ ಉಳಿಯಿತು. ಎರಡನೆಯದು ಗದ್ದಲದಲ್ಲಿ ಹೋಯಿತು.

ಸಂಜೆ ಸಿಮ್ ಚಾಲೂ ಆಯಿತು. ಫರಹೀನ ಮೊದಲು ಮಾಡಿದ ಕೆಲಸ ಅದೇ. ಸೆಟ್ಟಿಂಗ್ ಹುಡುಕಿದಳು. 'ಅಪರಿಚಿತ ಕರೆಗಳನ್ನು ನಿರ್ಬಂಧಿಸಿ' ಎಂದಿತ್ತು. ಒತ್ತಿದಳು. ಪಕ್ಕದ ಚುಕ್ಕೆ ಹಸಿರಾಯಿತು. ಇನ್ನು ಯಾವ ಕಳ್ಳನೂ ಬರಲಾರ. ಪಕ್ಕದ ಮನೆಯ ಗೌರಾಬಾಯಿಯ ನಂಬರ್ ಕೇಳಿ ಸೇವ್ ಮಾಡಿಕೊಂಡಳು. ಅಬ್ಬಾಗೆ ವಿಡಿಯೋ ಕಾಲ್ ಮಾಡಿದಳು. ಅಮ್ಮಿಯ ಮುಖ ಕಂಡಿತು. ನಾನಿ ಕೂಡ ಇಣುಕಿ ನೋಡಿ, "ಸೊರಗೀಯಲ್ಲಬೇ ನೀ," ಎಂದು ಮಗಳನ್ನು ಬೈದಳು.

ಆಮೇಲೆ ನಾನಿ ಗೂಡಿನಲ್ಲಿ ಕೈಯಾಡಿಸಿದಳು.

"ನನ್ನ ಫೋನ್ ಎಲ್ಲಿ?"

ಫರಹೀನ ಬಚ್ಚಲ ಕಡೆ ಬೊಟ್ಟು ಮಾಡಿದಳು. ನಾನಿ ಹೋಗಿ ಗುಲಾಬಿ ಟಬ್ ನೋಡಿದಳು.

"ಆಪಾನ ನಂಬರ್ ಅದರಾಗಿತ್ತು. ನಿಮ್ಮ ಅಮ್ಮಿ ಹತ್ರಾನೂ ಇಲ್ಲ."

"ಬಡೀನಾನಿ ನಾಳೆ ರಿಂಗ್ ಕೊಡ್ತಾಳಲ್ಲ ನಾನಿ. ಆವಾಗ ಸೇವ್ ಮಾಡ್ತೇನಿ."

ಮುಂಜಾನೆ ನಮಾಜು ಮುಗಿಸಿ ನಾನಿ ಫೋನಿನ ಮುಂದೆ ಕೂತಳು. ಫೋನು ಕರಿ ಕನ್ನಡಿಯಂತೆ ಸುಮ್ಮನಿತ್ತು. ಗೌರಾಬಾಯಿ ಹೊರಗಿನಿಂದ ಕರೆದಳು: "ವಜೀರವ್ವಾ, ಬರ್ತಿಯೋ ಇಲ್ಲೋ? ಬಿಸಿಲು ಏರಾಕತ್ತದ!" ನಾನಿ ಕುಡುಗೋಲು ತೆಗೆದುಕೊಂಡು ಎದ್ದಳು.

ಅದರ ಮರುದಿನವೂ ರಿಂಗ್ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಸಿಟ್ಟಾಗ್ಯಾಳ," ಅಂದಳು ನಾನಿ, ರೊಟ್ಟಿ ಬಡಿಯುತ್ತ. "ಹೋದ ತಿಂಗಳು ಹರಕಿ ನ್ಯಾಜಿನ ಊಟಕ್ಕ ಕರದಿದ್ಲು. ನಾ ಹೋಗಲಿಲ್ಲ. ಅದಕ್ಕ ಸಿಟ್ಟಾಗ್ಯಾಳ."

"ಕಿಣ್ಣಿ ಸುಲ್ತಾನಕ್ಕ ಹೋಗಿ ಬರೋಣೇನು?"

"ಕೊಯ್ಲು ಬಿಟ್ಟು ಹ್ಯಾಂಗ ಹೋಗಬೇಕು? ಆಕಿಗೂ ಸಿಟ್ಟು ಬರ್ತದ, ನನಗೂ ಬರ್ತದ. ಇರ್ಲಿ ತೊಗೊ." ನಾನಿ ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು. ಅದು ಮಡಚಿಕೊಂಡು ಬಿತ್ತು. ನಾನಿಯ ರೊಟ್ಟಿ ಹಾಗೆ ಬೀಳುವುದನ್ನು ಫರಹೀನ ಎಂದೂ ನೋಡಿರಲಿಲ್ಲ.

ಹೊಸ ಫೋನಿನಲ್ಲಿ ಆಟ ಇದ್ದವು. ಹಾಡು ಇದ್ದವು. ಫರಹೀನ ಶಾಲೆಯಿಂದ ಬಂದ ಮೇಲೆ ಅದರ ಮುಂದೆ ಕೂರುತ್ತಿದ್ದಳು. ಆದರೆ ಮುಂಜಾನೆ ನಾನಿ ಅದರ ಮುಂದೆ ಕೂರುವಾಗ ಫರಹೀನ ಎಚ್ಚರವಿದ್ದರೂ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದಳು.

ಭಾನುವಾರ ಫರಹೀನ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋದಳು. ರಾಶಿ ಮಷೀನು ಬಂದಿತ್ತು. ತೊಗರಿ ಹೊಟ್ಟು ಹೊಗೆಯಂತೆ ಹಾರುತ್ತಿತ್ತು. ಮಷೀನಿನವನು ಕಿಣ್ಣಿ ಸುಲ್ತಾನದ ರೇವಣಪ್ಪ. ಅವನು ನಾನಿಯನ್ನು ಕಂಡು ಮಷೀನು ಬಂದ್ ಮಾಡಿದ.

"ನೀವು ಮೌಲಾಬಿ ತಂಗಿ ಅಲ್ಲೇನ್ರಿ? ನಿಮಗ ಸುದ್ದಿ ಮುಟ್ಟಿಲ್ಲೇನು?"

"ಏನು ಸುದ್ದಿ?"

"ಬಿದ್ದಾಳ್ರಿ ಆಕಿ. ಟೊಂಕದ ಎಲುಬು ಮುರದದ. ಕಲಬುರಗಿಗೆ ಒಯ್ದಿದ್ರು. ಈ ವಯಸ್ಸಿಗೆ ಆಪರೇಷನ್ ಆಗಂಗಿಲ್ಲ ಅಂತ ತಿರಗಿ ಕಳಿಸ್ಯಾರ. ನಿಮಗ ಎಷ್ಟು ಸಲ ಫೋನ್ ಹಚ್ಚಿದ್ರಂತ, ಹತ್ತಲೇ ಇಲ್ಲಂತ."

ನಾನಿಯ ಕೈಯಿಂದ ಕುಡುಗೋಲು ಜಾರಿತು. ಗೌರಾಬಾಯಿ ಅದನ್ನು ಎತ್ತಿಕೊಂಡಳು. "ನಡಿ ನಡಿ, ಇಲ್ಲೇ ನಿಂತ್ರ ಏನಾಗ್ತದ? ಬಸ್ ಸಿಗ್ತದ," ಎಂದು ನಾನಿಯ ಸೆರಗಿನ ಹೊಟ್ಟು ಝಾಡಿಸಿದಳು.

ಹತ್ತಲೇ ಇಲ್ಲ. ಆ ಮಾತು ಫರಹೀನಳ ಜೊತೆಗೇ ಬಸ್ ಹತ್ತಿತು. ಆಳಂದದಲ್ಲಿ ಬಸ್ ಬದಲಿಸುವಾಗ ಎದುರಿಗೆ ಅದೇ ಮೊಬೈಲ್ ಅಂಗಡಿ ಇತ್ತು. ಅವಳು ಆ ಕಡೆ ನೋಡಲಿಲ್ಲ.

ಬಡೀನಾನಿ ಮನೆಯಲ್ಲಿ ಮುಲಾಮಿನ ವಾಸನೆ ತುಂಬಿತ್ತು. ಬಡೀನಾನಿ ಮಂಚದ ಮೇಲೆ ಅಂಗಾತ ಮಲಗಿದ್ದಳು. ಇಷ್ಟು ಸಣ್ಣವಳು ಯಾವಾಗ ಆದಳೋ. ಪಕ್ಕದ ಮನೆಯ ಸುಮಿತ್ರಾಬಾಯಿ ಗಂಜಿ ಕುಡಿಸುತ್ತಿದ್ದಳು.

ನಾನಿ ಹೋಗಿ ಅಕ್ಕನ ಕಾಲು ಹಿಡಿದು ಕೂತಳು. ಸುಮಿತ್ರಾಬಾಯಿ ಮಾತಾಡಿದಳು.

"ನೀವು ಬದುಕೀರೇನವಾ! ದಿನಾ ಮುಂಜಾನೆ ಈಕಿ ಫೋನ್ ಹಚ್ಚೋದು, ಅದು ಕಟ್ ಆಗೋದು. 'ತಂಗಿ ರಿಂಗ್ ಕೊಡವಲ್ಲಳು, ಏನೋ ಆಗ್ಯಾದ ಆಕಿಗೆ' ಅಂತ ಒಂದೇ ಸವನೆ. ನನ್ನ ಫೋನಿಲಿಂದ ಹಚ್ಚಿದ್ರೂ ಅದೇ ಹಣೆಬರಹ. ನನ್ನ ಮಗ ಸಂತಿಗೆ ಹೋದಾಗ ನೋಡಿ ಬರ್ತಾನ, ತಡಿ ಅಂದೆ. ಕೇಳಲಿಲ್ಲ. ಒಬ್ಬಾಕಿನೇ ಕೋಲು ಹಿಡ್ಕೊಂಡು ನಿಂಬರ್ಗಾಕ್ಕ ಹೊಂಟಳು. ಬಸ್ ಹತ್ತುವಾಗ ಕಾಲು ಜಾರಿತು."

ಫರಹೀನ ಗೋಡೆಗೆ ಆತು ನಿಂತಳು. ಮಂಚದ ತಲೆದೆಸೆಯಲ್ಲಿ ಬಡೀನಾನಿಯ ಬಟನ್ ಫೋನ್ ಇತ್ತು. ಕೆಂಪು ಚುಕ್ಕೆ ಅರ್ಧ ಸವೆದು ಹೋಗಿತ್ತು.

ಯಾರೂ ನೋಡದಾಗ ಅವಳು ಅದನ್ನು ತೆಗೆದುಕೊಂಡು ಹೊರಗೆ ಬಂದಳು. ಬಾಗಿಲ ಕಟ್ಟೆಯ ಮೇಲೆ ಹೊಸ ಫೋನನ್ನು ಇಟ್ಟಳು. ಕೆಂಪು ಚುಕ್ಕೆ ಒತ್ತಿ ಹಿಡಿದಳು.

ಬಟನ್ ಫೋನಿನಲ್ಲಿ ಟೂಂ ಎಂದು ಒಂದು ಸದ್ದು ಬಂದು ಕಟ್ ಆಯಿತು.

ಹೊಸ ಫೋನ್ ಸುಮ್ಮನಿತ್ತು. ಬೆಳಕೂ ಬರಲಿಲ್ಲ.

ಮತ್ತೆ ಒತ್ತಿದಳು. ಮತ್ತೆ ಹಾಗೇ.

ಅವಳು ಹೊಸ ಫೋನ್ ತೆರೆದಳು. ಬ್ಲಾಕ್ ಆದ ಕರೆಗಳ ಪಟ್ಟಿ ಎಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹುಡುಕಿದಳು. ಸಿಕ್ಕಿತು. ಒಂದೇ ನಂಬರ್. ಕೆಳಗೆ ಅದೇ ನಂಬರ್. ಬೆರಳು ಜಾರಿಸಿದಳು. ಅದರ ಕೆಳಗೂ ಅದೇ. ಮುಂಜಾನೆ, ಮಧ್ಯಾಹ್ನ, ಸಂಜೆ. ನಡುನಡುವೆ ಇನ್ನೊಂದು ನಂಬರ್, ಅದು ಸುಮಿತ್ರಾಬಾಯಿಯದಿರಬೇಕು. ಕಳ್ಳರ ನಂಬರ್ ಒಂದೂ ಇರಲಿಲ್ಲ.

ಫರಹೀನ ಕಟ್ಟೆಯ ಮೇಲೆ ಕೂತುಬಿಟ್ಟಳು. ಯಾರಿಗೂ ಹೇಳದೇ ಇರಬಹುದು. ನಾನಿಗೆ ಸೆಟ್ಟಿಂಗ್ ಗೊತ್ತಿಲ್ಲ. ಬಡೀನಾನಿಗೆ ಗೊತ್ತಿಲ್ಲ. ನೆಟ್‌ವರ್ಕ್ ಇರಲಿಲ್ಲ ಅಂದರೆ ಎಲ್ಲರೂ ನಂಬುತ್ತಾರೆ.

ಒಳಗಿನಿಂದ ಬಡೀನಾನಿಯ ದನಿ ಬಂತು. ತೀರ ಸಣ್ಣ ದನಿ. "ವಜೀರಾ, ನ್ಯಾಜಿಗೆ ಕರದಾಗ ನಾ ಏನರ ಹೆಚ್ಚುಕಮ್ಮಿ ಅಂದೆನೇನು? ಅದಕ್ಕ ಕಟ್ ಮಾಡಿದಿಯೇನು?"

ಫರಹೀನ ಎದ್ದು ಒಳಗೆ ಹೋದಳು.

"ನಾನಿ ಕಟ್ ಮಾಡಿಲ್ಲ," ಅಂದಳು. "ನಾ ಮಾಡೀನಿ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಎಲ್ಲವನ್ನೂ ಹೇಳಿದಳು. ಅಂಗಡಿಯದು, ಟಬ್ಬಿನದು, ಸೆಟ್ಟಿಂಗಿನದು. ಹೇಳುತ್ತ ಹೇಳುತ್ತ ಮೂಗು ಸೋರಿತು. ತೋಳಿನಿಂದ ಒರೆಸಿಕೊಂಡಳು.

ಬಡೀನಾನಿ ತಂಗಿಯನ್ನು ನೋಡಿದಳು. "ಅಂದ್ರ ನೀ ಸಿಟ್ಟಾಗಿರಲಿಲ್ಲ?"

"ಇಲ್ಲ ಆಪಾ. ನೀ?"

"ನಾ ಯಾಕ ಆಗ್ಲಿ?"

ನಾನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅಲುಗಿದವು. ಬಡೀನಾನಿ ಮಲಗಿದಲ್ಲಿಂದಲೇ ಕೈ ಚಾಚಿದಳು. ಅದು ತಂಗಿಯ ತನಕ ಮುಟ್ಟಲಿಲ್ಲ.

ಆಮೇಲೆ ನಾನಿ ನೀರು ತರಲು ಹೊರಗೆ ಬಂದಳು. ಫರಹೀನ ಹಿಂದೆ ಬಂದಳು. ನಾನಿ ಹೊಡೆಯುತ್ತಾಳೆ ಅಂದುಕೊಂಡಿದ್ದಳು. ಹೊಡೆದಿದ್ದರೆ ಚೆನ್ನಾಗಿತ್ತು.

"ಬರ್ಕೊಂಡಿಲ್ಲ ಅಂತ ಅಂಗಡ್ಯಾಗೇ ಹೇಳಬೇಕಿತ್ತಲ್ಲ ಬೇಟಾ," ಅಂದಳು ನಾನಿ. ಅಷ್ಟೇ ಅಂದಳು. ನಳದ ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಇಬ್ಬರೂ ಅದನ್ನು ನಿಲ್ಲಿಸಲಿಲ್ಲ.

ಬಡೀನಾನಿ ಇನ್ನು ಏಳುವುದಿಲ್ಲವಂತೆ. ಅವಳಿಗೆ ಬೇರೆ ಯಾರೂ ಇರಲಿಲ್ಲ. ನಾನಿ ಅಲ್ಲೇ ಉಳಿದಳು. ಫರಹೀನಳ ಶಾಲೆ ತಪ್ಪುವಂತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅಬ್ಬಾ ಫೋನಿನಲ್ಲಿ ಹೇಳಿದ. ಅಲ್ಲಿಯ ತನಕ ಅವಳು ಗೌರಾಬಾಯಿಯ ಮನೆಯಲ್ಲಿ.

"ಫೋನ್ ನೀನೇ ಇಟ್ಕೊ," ಅಂದಳು ನಾನಿ, ಬಸ್ ಹತ್ತಿಸುವಾಗ. "ಇಲ್ಲಿ ಆಪಾನ ಫೋನ್ ಅದ. ನನಗ ಅದು ಬರ್ತದ."

ಫರಹೀನ ಬಸ್ಸಿನಲ್ಲೇ ಆ ಸೆಟ್ಟಿಂಗ್ ತೆಗೆದಳು. ಬಡೀನಾನಿಯ ನಂಬರ್ ಸೇವ್ ಮಾಡಿದಳು. ಸುಮಿತ್ರಾಬಾಯಿಯದನ್ನೂ ಮಾಡಿದಳು. ಫೋನು ಈಗ ಪೂರ್ತಿ ಅವಳದೇ. ಅವಳು ಅದನ್ನು ಚೀಲದೊಳಗೆ ಇಟ್ಟು ಚೈನು ಹಾಕಿದಳು.

ಶಾಲೆಯಲ್ಲಿ ಶರಣಕುಮಾರ ಓಡಿ ಬಂದ. ಅವನ ಕೈಯಲ್ಲಿ ಒಂದು ಫೋನ್ ಇತ್ತು.

"ಏ ಫರಹೀನ, ನಮ್ಮ ಕಾಕಾ ಊರಾಗ ಇಲ್ಲ. ನಮ್ಮ ಆಯಿ ಫೋನಿಗೆ ಆ ಬ್ಲಾಕ್ ಸೆಟ್ಟಿಂಗ್ ಹಾಕಿಕೊಡು. ನಿನಗ ಬರ್ತದಲ್ಲ?"

"ನಿಮ್ಮ ಆಯಿಗೆ ಯಾರ್ಯಾರು ಫೋನ್ ಮಾಡ್ತಾರ?"

"ನನಗೇನು ಗೊತ್ತು?"

"ಆಯಿಗೆ ಕೇಳ್ಕೊಂಡು ಬಾ."

"ಅರೆ, ಒಂದು ಬಟನ್ ಒತ್ತಾಕ ಇಷ್ಟು ಧಿಮಾಕೇನಬೇ?"

ಫರಹೀನ ಅವನ ಕೈಯಿಂದ ಫೋನ್ ತೆಗೆದುಕೊಳ್ಳಲಿಲ್ಲ. "ಕೇಳ್ಕೊಂಡು ಬಾ," ಅಂದಳು ಮತ್ತೆ. ಅವನು ಗೊಣಗುತ್ತ ಹೋದ.

ಮರುದಿನ ಗೌರಾಬಾಯಿಯ ಮನೆಯಲ್ಲಿ ಅವಳಿಗೆ ಬೇಗ ಎಚ್ಚರವಾಯಿತು. ಬೇರೆಯವರ ಮನೆಯ ಛಾವಣಿ. ಬೇರೆ ಕೌದಿ. ಮಗ್ಗುಲಲ್ಲಿ ನಾನಿ ಇಲ್ಲ. ದೂರದಲ್ಲಿ ಅಜಾನ್ ಆಗಿ ಮುಗಿದಿತ್ತು. ಗೌರಾಬಾಯಿ ಒಲೆ ಹೊತ್ತಿಸುತ್ತಿದ್ದಳು. ಹಸಿ ತೊಗರಿ ಕಟಿಗೆಯ ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು.

ಫರಹೀನ ಫೋನ್ ತೆಗೆದು ಮುಂದೆ ಇಟ್ಟುಕೊಂಡು ಕೂತಳು. ನಾನಿ ಕೂರುತ್ತಿದ್ದ ಹಾಗೆಯೇ, ಮೊಣಕಾಲು ಮಡಚಿ.

ಫೋನ್ ಸುಮ್ಮನಿತ್ತು.

"ಯಾರ ಫೋನ್ ಬರೋದದ ಇಷ್ಟು ನಸುಕಿನ್ಯಾಗ?" ಎಂದು ಗೌರಾಬಾಯಿ ಕೇಳಿದಳು.

ಫರಹೀನ ಫೋನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಬಾರದಿದ್ದರೆ ಏನೇನು ಆಗಿರಬಹುದು ಎಂದು ಅವಳ ತಲೆ ತಾನಾಗಿ ಯೋಚಿಸುತ್ತಿತ್ತು. ಬಡೀನಾನಿಗೆ ಹೆಚ್ಚಾಯಿತೋ. ನಾನಿ ಬಿದ್ದಳೋ. ಹೀಗೆ ಕೂತು ಕಾಯುವುದು ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಫೋನಿನ ಮುಖ ಬೆಳಗಿತು. ಒಂದು ರಿಂಗ್. ಎರಡು. ಕಟ್.

ಒತ್ತಿದ್ದು ನಾನಿಯೋ ಬಡೀನಾನಿಯೋ ತಿಳಿಯಲಿಲ್ಲ. ಫರಹೀನ ಹೊಗೆಯಲ್ಲಿ ಕಣ್ಣು ಒರೆಸಿಕೊಂಡಳು. ನಂಬರ್ ಮುಟ್ಟಿ, ಉಸಿರು ಹಿಡಿದು, ಅಲ್ಲಿ ಎರಡು ರಿಂಗ್ ಆಗುವ ತನಕ ಕಾದಳು. ಆಮೇಲೆ ಕಟ್ ಮಾಡಿದಳು.